ಬೆಟ್ಟದ ಬಾಗಿಲಲ್ಲಿ ಉಳಿದ ಹುಡುಗ

ಯಲಹಂಕ ಉಪನಗರದ ಒಂದು ಶಾಲೆ. ವಾರ್ಷಿಕೋತ್ಸವಕ್ಕೆ ನನ್ನನ್ನ ಮುಖ್ಯ ಅತಿಥಿ ಅಂತ ಕರೆದಿದ್ದರು. ಮೇಲೆ ವಾಯುನೆಲೆಯ ವಿಮಾನದ ಸದ್ದು, ಕೆಳಗೆ ಮೈಕಿನ ಗೊರಗೊರ. ಮಕ್ಕಳು ಕಿಂದರಿಜೋಗಿ ರೂಪಕ ಆಡಿದರು. ಇಲಿಗಳು ಕುಣಿದವು, ಜೋಗಿ ಕಿಂದರಿ ನುಡಿಸಿದ, ಮಕ್ಕಳೆಲ್ಲ ಅವನ ಹಿಂದೆ ಬೆಟ್ಟದೊಳಗೆ ಹೋದರು. ಒಬ್ಬ ಹುಡುಗ ಮಾತ್ರ ವೇದಿಕೆ ಮೇಲೆ ಉಳಿದ. ಅವನ ಕಾಲಿಗೆ ಕ್ಯಾಲಿಪರ್ ಇತ್ತು. ಅವನಿಗೆ ಕೊಟ್ಟಿದ್ದ ಪಾತ್ರವೇ ಅದು.

ಕಾರ್ಯಕ್ರಮ ಮುಗಿದ ಮೇಲೆ ಅವನೇ ಹತ್ತಿರ ಬಂದ. "ಸಾರ್, ಬೇರೆ ಕಥೆಗಳಲ್ಲಿ ನನ್ ಥರ ಹುಡುಗ ಏನ್ ಮಾಡ್ತಾನೆ?" ಅಂದ.

ಸಚಿವರನ್ನೂ ಬಿಡದೆ ಪ್ರಶ್ನೆ ಕೇಳೋನು ನಾನು. ಎಂಟು ವರ್ಷದ ಹುಡುಗನ ಮುಂದೆ ತಬ್ಬಿಬ್ಬಾದೆ. "ಹುಡುಕಿ ಹೇಳ್ತೀನಪ್ಪ" ಅಂತ ಜಾರಿಕೊಂಡೆ. ಹಾಗೆ ಹುಡುಕಿದ ಕಥೆ ಇದು.

ಮೊದಲು ಆ ಬೆಟ್ಟದ ಬಾಗಿಲಿಗೇ ಹೋಗೋಣ. ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಪದ್ಯದಲ್ಲಿ ಒಬ್ಬ ಕುಂಟ ಹುಡುಗ ಉಳಿದವರ ಜೊತೆ ಹೆಜ್ಜೆ ಹಾಕಲಾಗದೆ ಹಿಂದೆ ಬೀಳುತ್ತಾನೆ. ಬಾಗಿಲು ಮುಚ್ಚಿಬಿಡುತ್ತದೆ. ಆ ಕಥೆಯನ್ನು ಕುವೆಂಪು ತುಂಗೆಯ ದಡದ ಬೊಮ್ಮನಹಳ್ಳಿಗೆ ತಂದರು, ಕನ್ನಡದ ಮಕ್ಕಳಿಗೆ ಅದು ಬಾಯಿಪಾಠವಾಯಿತು. ಆದರೆ ಹಿಂದುಳಿದ ಹುಡುಗನ ಜೀವನ ಮುಂದೆ ಏನಾಯಿತು ಅಂತ ನಾವ್ಯಾರೂ ಕೇಳಲಿಲ್ಲ.

ನಮ್ಮ ಮಕ್ಕಳ ಸಾಹಿತ್ಯ ಬಡವಾಗಿತ್ತಾ? ಖಂಡಿತ ಇಲ್ಲ. ಪಂಜೆ ಮಂಗೇಶರಾಯರು 1921ರಲ್ಲೇ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದರು. ಶಿವರಾಮ ಕಾರಂತರು 1936ರಲ್ಲಿ 'ಬಾಲ ಪ್ರಪಂಚ'ದಲ್ಲಿ ಇಡೀ ಜಗತ್ತನ್ನೇ ಮಕ್ಕಳ ಕೈಗಿಟ್ಟರು. ಅದೇ 1936ರಲ್ಲಿ ಅಮೆರಿಕದಲ್ಲೊಂದು ಚಿತ್ರಪುಸ್ತಕ ಬಂತು, 'ಫರ್ಡಿನೆಂಡ್'. ಕಾದಾಡಲು ಒಲ್ಲದೆ ಮರದ ಕೆಳಗೆ ಹೂವಿನ ವಾಸನೆ ನೋಡುತ್ತಾ ಕೂರುವ ಒಂದು ಹೋರಿಯ ಕಥೆ, ಅಷ್ಟೇ. ಸ್ಪೇನಿನ ಫ್ರಾಂಕೊ ಆಡಳಿತ ಅದನ್ನ ನಿಷೇಧಿಸಿತು! ಎಲ್ಲರಂತೆ ಇರಲೊಲ್ಲದ ಒಂದು ಹೋರಿಗೂ ಸರ್ವಾಧಿಕಾರಿ ಹೆದರುತ್ತಾನೆ ಅಂದರೆ, ಚಿತ್ರಪುಸ್ತಕವನ್ನ ಹಗುರವಾಗಿ ನೋಡಬೇಡಿ.

1960ರ ದಶಕಕ್ಕೆ ಬನ್ನಿ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಅಮರ ಚಿತ್ರಕಥೆ ನಿಮಗೆಲ್ಲ ಗೊತ್ತು. ಅದರ ಮೊದಲ ಹತ್ತು ಪುಸ್ತಕಗಳು ಕನ್ನಡದಲ್ಲಿ ಬಂದವು ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಅವು ಸಿಂಡ್ರೆಲಾದಂಥ ವಿದೇಶಿ ಕಥೆಗಳು. ಆಮೇಲೆ ನಮ್ಮ ಪುರಾಣ ಬಂತು, ಬಣ್ಣವೂ ಬಂತು. ದೇವರು, ರಾಜಕುಮಾರಿ ಬೆಳ್ಳಗೆ. ರಾಕ್ಷಸ ಕಪ್ಪಗೆ, ದಪ್ಪಗೆ. ಕಪ್ಪಗಿದ್ದ ಮಗು ಆ ಪುಟದಲ್ಲಿ ತನ್ನನ್ನ ಎಲ್ಲಿ ಹುಡುಕಬೇಕು ಸ್ವಾಮಿ? ಗೂನುಬೆನ್ನಿನ ಮಂಥರೆ ಕೆಟ್ಟವಳು. ಎಂಟು ಕಡೆ ಬಾಗಿದ ದೇಹದ ಅಷ್ಟಾವಕ್ರನನ್ನು ನೋಡಿ ಜನಕನ ಸಭೆ ನಕ್ಕಿತು. ಅವನು ವಾದದಲ್ಲಿ ಗೆದ್ದ ಮೇಲೆ ಗೌರವ ಕೊಟ್ಟಿತು. ಗೆದ್ದ ಮೇಲೆ! ಇದನ್ನ ನೆನಪಿಟ್ಟುಕೊಳ್ಳಿ.

ಗಾಳಿ ಬದಲಾಗಿದ್ದು 1990ರ ದಶಕದಲ್ಲಿ. ಅಂಗವಿಕಲರ ಹಕ್ಕಿನ ಕಾಯ್ದೆ ಬಂದಿದ್ದು 1995ರಲ್ಲಿ. ಮರುವರ್ಷ ಚೆನ್ನೈನಲ್ಲಿ ತೂಲಿಕಾ ಪ್ರಕಾಶನ ಶುರುವಾಯಿತು. ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಚಿತ್ರಪುಸ್ತಕ ತರುವ ಸಂಸ್ಥೆ. 1999ರಲ್ಲಿ ಅವರು ತಂದ ಶೀಲಾ ಧೀರ್ ಅವರ ಪುಸ್ತಕದ ಹೆಸರೇ ಒಂದು ಪ್ರಶ್ನೆ: ನನ್ನ ಕೈ ಹಿಡಿಯೋಕೆ ನಿನಗ್ಯಾಕೆ ಭಯ? ಮುಂದೆ ಅದೇ ತೂಲಿಕಾ ನಮ್ಮ ಬೆಂಗಳೂರಿನ ಮಾಲತಿ ಹೊಳ್ಳರ ಬದುಕನ್ನ ಚಿತ್ರಪುಸ್ತಕ ಮಾಡಿತು. ಬರೆದವರು ಸೌಮ್ಯಾ ರಾಜೇಂದ್ರನ್, ಚಿತ್ರ ಅರುಣ್ ಕೌಶಿಕ್. ಕೂಸಾಗಿದ್ದಾಗಲೇ ಪೋಲಿಯೊ, ಚೆನ್ನೈ ಆಸ್ಪತ್ರೆಯಲ್ಲಿ ಕಳೆದ ಬಾಲ್ಯ, 30ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ, ಆಮೇಲೆ ಪ್ಯಾರಾಲಿಂಪಿಕ್ಸ್, 1995ರಲ್ಲಿ ಅರ್ಜುನ, 2001ರಲ್ಲಿ ಪದ್ಮಶ್ರೀ.

ಉತ್ತರ ಸಿಕ್ಕಿತು ಅಂತ ಖುಷಿಯಾದೆ. ಆ ಹುಡುಗನಿಗೆ ಇದನ್ನೇ ಕೊಡೋಣ ಅಂದುಕೊಂಡೆ. ಆಮೇಲೆ ಒಂದು ಮುಳ್ಳು ಚುಚ್ಚಿತು. ಅವನು ಪದಕ ಗೆಲ್ಲದಿದ್ದರೆ? ಅಷ್ಟಾವಕ್ರನಿಗೆ ಜನಕನ ಸಭೆ ಹಾಕಿದ ಷರತ್ತನ್ನೇ ನಾನೂ ಹಾಕುತ್ತಿದ್ದೇನಲ್ಲ? ನೀನು ಗೆದ್ದು ಬಾ, ಆಮೇಲೆ ನಿನ್ನನ್ನ ಒಪ್ಪುತ್ತೇವೆ ಅಂತ. ಮಾಲತಿಯವರ ಸಾಧನೆ ಬೆಟ್ಟದಷ್ಟು, ನಮಸ್ಕಾರ. ಆದರೆ ಎರಡು ಕಾಲೂ ಸರಿ ಇರುವ ನಮ್ಮ ಮಕ್ಕಳಿಗೆ ಆ ಷರತ್ತು ಹಾಕುತ್ತೇವಾ?

ಹಾಗಾಗಿ ಇನ್ನೊಂದು ಪುಸ್ತಕವನ್ನೂ ಜೊತೆಗಿಟ್ಟೆ. ತಾರಿಣಿ ವಿಶ್ವನಾಥ್ ಬರೆದು ನ್ಯಾನ್ಸಿ ರಾಜ್ ಚಿತ್ರ ಬಿಡಿಸಿದ್ದು. ಅದರಲ್ಲಿ ಡಿಪ್ ಡಿಪ್ ಅನ್ನೋ ತುಂಟ ಹುಡುಗಿ ಗೆಳತಿಯ ಬೆಕ್ಕು ಹುಡುಕಲು ಹೊರಡುತ್ತಾಳೆ. ಅವಳು ಗಾಲಿಕುರ್ಚಿಯಲ್ಲಿದ್ದಾಳೆ. ಕಥೆ ಇರೋದು ಬೆಕ್ಕಿನದ್ದು, ಗಾಲಿಕುರ್ಚಿಯದ್ದಲ್ಲ. ಅವಳು ಯಾರಿಗೂ ಸ್ಫೂರ್ತಿ ಕೊಡಬೇಕಿಲ್ಲ, ಬೆಕ್ಕು ಹಿಡಿದರೆ ಸಾಕು. ನೂರಾರು ವರ್ಷದ ದಾರಿ ಇದು: ಮೊದಲು ನಗೆಪಾಟಲು, ಆಮೇಲೆ ಕನಿಕರ, ಆಮೇಲೆ ಸಾಧನೆ, ಕೊನೆಗೆ ಬರೀ ಒಂದು ಮಗು.

ಇಂಥ ಪುಸ್ತಕ ದುಬಾರಿ, ಹಳ್ಳಿ ಮಕ್ಕಳಿಗೆ ಎಲ್ಲಿ ಸಿಗುತ್ತೆ ಅಂತ ಕೇಳಬಹುದು. ಬೆಂಗಳೂರಿನಲ್ಲೇ 2004ರಲ್ಲಿ ಹುಟ್ಟಿದ ಪ್ರಥಮ್ ಬುಕ್ಸ್, 2015ರಿಂದ ಸ್ಟೋರಿವೀವರ್ ಮೂಲಕ ಕನ್ನಡದಲ್ಲೂ ಚಿತ್ರಕಥೆಗಳನ್ನ ಉಚಿತವಾಗಿ ಕೊಡುತ್ತಿದೆ. ಫೋನಿದ್ದರೆ ಸಾಕು. ಸರ್ಕಾರ 2020ರಲ್ಲಿ 'ಓದುವ ಬೆಳಕು' ಅಭಿಯಾನದಲ್ಲಿ ಗ್ರಾಮ ಪಂಚಾಯ್ತಿ ಗ್ರಂಥಾಲಯಗಳ ಬಾಗಿಲನ್ನ ಮಕ್ಕಳಿಗೆ ತೆರೆಯಿತು. ಬಾಗಿಲು ಇದೆ. ಒಳಗೆ ಯಾವ ಪುಸ್ತಕ ಇದೆ, ಮೆಟ್ಟಿಲ ಪಕ್ಕದಲ್ಲಿ ಇಳಿಜಾರು ಇದೆಯಾ ಅಂತ ನಿಮ್ಮೂರಲ್ಲಿ ಒಮ್ಮೆ ಹೋಗಿ ನೋಡಿ.

ಇನ್ನು ನನ್ನ ಮನೆಯ ವಿಷಯ. ಆ ವಾರ ಸ್ಟುಡಿಯೊದಲ್ಲಿ ನಮ್ಮ ಹಳೇ ಶೀರ್ಷಿಕೆಗಳನ್ನ ತೆಗೆಸಿ ನೋಡಿದೆ. ಕುರುಡು ಸರ್ಕಾರ. ಕಿವುಡು ಅಧಿಕಾರಿ. ಕುಂಟುತ್ತಿರುವ ಕಾಮಗಾರಿ. ಎಷ್ಟೋ ನಾನೇ ಬರೆದಿದ್ದು, ನಾನೇ ಗಂಟಲು ಹರಿದು ಕೂಗಿದ್ದು. ಆ ಹುಡುಗನ ಮನೇಲೂ ರಾತ್ರಿ ಒಂಬತ್ತಕ್ಕೆ ಟಿವಿ ಹಾಕ್ತಾರೆ. ನೋಡದ ಸರ್ಕಾರವನ್ನ 'ನೋಡದ ಸರ್ಕಾರ' ಅಂದರೆ ಸಾಕಲ್ಲ! ಕಣ್ಣಿದ್ದೂ ನೋಡದವರ ತಪ್ಪಿಗೆ ಕಣ್ಣಿಲ್ಲದವರ ಹೆಸರು ಯಾಕೆ? ಈಗ ನಮ್ಮ ಡೆಸ್ಕಿನಲ್ಲಿ ಆ ಮೂರು ಪದ ಬಂದರೆ ಹೊಡೆದುಹಾಕುತ್ತೇವೆ. ಒಂದೆರಡು ಸಲ ತಪ್ಪಿದ್ದೇನೆ, ಒಪ್ಪಿಕೊಳ್ತೀನಿ.

ಪುಸ್ತಕಗಳನ್ನ ಕೊಡೋಕೆ ನಾನೇ ಹೋದೆ. ಹುಡುಗ ಮೊದಲು ಬೆಕ್ಕಿನ ಪುಸ್ತಕ ತೆಗೆದ. ಪುಟ ತಿರುಗಿಸಿ, ಗಾಲಿಕುರ್ಚಿಯ ಮೇಲೆ ಬೆರಳಿಟ್ಟು, ಏನೂ ಅನ್ನದೆ ಮುಂದಿನ ಪುಟಕ್ಕೆ ಹೋದ. ಅವನಿಗೆ ಬೆಕ್ಕು ಸಿಕ್ತಾ ಇಲ್ವಾ ಅನ್ನೋದು ಮುಖ್ಯವಾಗಿತ್ತು.