ಮಂತ್ರದ ಪ್ರತಿ (ಮ್ಯಾಜಿಕ್: ದ ಗ್ಯಾದರಿಂಗ್)

ಮಂತ್ರದ ಪ್ರತಿ ಎಂಬುದು ಮ್ಯಾಜಿಕ್: ದ ಗ್ಯಾದರಿಂಗ್ ಕಾರ್ಡ್ ಆಟದಲ್ಲಿ ಈಗಾಗಲೇ ಪ್ರಯೋಗಿಸಿದ ಮಂತ್ರವೊಂದರ ನಕಲಾಗಿ ಹುಟ್ಟುವ ಮತ್ತೊಂದು ಮಂತ್ರ. ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಈ ಆಟವನ್ನು ವಿಝಾರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆಯು ೧೯೯೩ರಲ್ಲಿ ಹೊರತಂದಿತು. ಮೊದಲ ಆವೃತ್ತಿಯಲ್ಲಿಯೇ ಇದ್ದ 'ಫೋರ್ಕ್' ಕಾರ್ಡು ಮಂತ್ರವನ್ನು ನಕಲು ಮಾಡುವಂಥದ್ದಾಗಿತ್ತು.

ಸ್ಟ್ಯಾಕ್

ಪ್ರಯೋಗಿಸಿದ ಮಂತ್ರವು ಕೂಡಲೇ ಫಲಿಸುವುದಿಲ್ಲ. ಮೊದಲು 'ಸ್ಟ್ಯಾಕ್' ಎಂಬ ವಲಯವನ್ನು ಸೇರುತ್ತದೆ. ಒಂದರ ಮೇಲೊಂದು ಪೇರಿಸಿಟ್ಟ ರೊಟ್ಟಿಗಳಲ್ಲಿ ಮೇಲಿನದನ್ನೇ ಮೊದಲು ತೆಗೆಯುವಂತೆ, ಇಲ್ಲಿಯೂ ಕೊನೆಗೆ ಬಂದದ್ದು ಮೊದಲು ಫಲಿಸುತ್ತದೆ. ಪ್ರತಿಯು ಮೂಲ ಮಂತ್ರದ ಮೇಲೆ ಕೂರುವುದರಿಂದ ಅದಕ್ಕಿಂತ ಮೊದಲು ಫಲಿಸುತ್ತದೆ.

ನಕಲಾಗುವ ಅಂಶಗಳು

ಮೂಲ ಮಂತ್ರದ ಹೆಸರು, ಬಣ್ಣ, ಬಗೆ, ಪಠ್ಯಗಳ ಜೊತೆಗೆ ಪ್ರಯೋಗದ ವೇಳೆ ಮಾಡಿದ ಆಯ್ಕೆಗಳೂ ಪ್ರತಿಗೆ ಬರುತ್ತವೆ. ಆರಿಸಿದ ಗುರಿ, ಎಕ್ಸ್‌ನ ಬೆಲೆ, ತೆತ್ತ ಹೆಚ್ಚುವರಿ ವೆಚ್ಚ ಇವು ಅವುಗಳಲ್ಲಿ ಸೇರಿವೆ. ಪ್ರತಿಗಾಗಿ ಆ ವೆಚ್ಚವನ್ನು ಮತ್ತೆ ತೆರಬೇಕಾಗಿಲ್ಲ. ನಕಲು ಮಾಡುವ ಕಾರ್ಡು ಅನುಮತಿಸಿದರೆ ಮಾತ್ರ ಹೊಸ ಗುರಿಯನ್ನು ಆರಿಸಬಹುದು. ಹೀಗೆ ಎದುರಾಳಿಯ ಮಂತ್ರವನ್ನೇ ನಕಲು ಮಾಡಿ ಅವನತ್ತ ತಿರುಗಿಸಲು ಸಾಧ್ಯ.

ಪ್ರಯೋಗವಲ್ಲ

ಇಂತಹ ಪ್ರತಿಯನ್ನು ಯಾರೂ 'ಪ್ರಯೋಗಿಸುವುದಿಲ್ಲ'. ಅದನ್ನು ನೇರವಾಗಿ ಸ್ಟ್ಯಾಕ್‌ನಲ್ಲಿ ಸೃಷ್ಟಿಸಲಾಗುತ್ತದೆ. ಆದ್ದರಿಂದ "ಮಂತ್ರವನ್ನು ಪ್ರಯೋಗಿಸಿದಾಗ" ಎಂದು ಆರಂಭವಾಗುವ ಸಾಮರ್ಥ್ಯಗಳು ಪ್ರತಿಯಿಂದ ಜಾಗೃತವಾಗುವುದಿಲ್ಲ. ೨೦೦೩ರ 'ಸ್ಕರ್ಜ್' ಆವೃತ್ತಿಯಲ್ಲಿ ಬಂದ 'ಸ್ಟಾರ್ಮ್' ಸಾಮರ್ಥ್ಯವು ಆ ಸರದಿಯಲ್ಲಿ ಮೊದಲು ಪ್ರಯೋಗಿಸಿದ ಮಂತ್ರಗಳಷ್ಟೇ ಪ್ರತಿಗಳನ್ನು ಕೊಡುತ್ತದೆ. ಆ ಪ್ರತಿಗಳು ಪ್ರಯೋಗಗಳಲ್ಲವಾದುದರಿಂದ ಅವುಗಳಿಂದ ಮತ್ತೆ ಪ್ರತಿಗಳು ಹುಟ್ಟುವುದಿಲ್ಲ. ಇದಕ್ಕೆ ಭಿನ್ನವಾಗಿ 'ಐಸೋಕ್ರಾನ್ ಸೆಪ್ಟರ್' ಕಾರ್ಡು ಮಂತ್ರವಲ್ಲ, ಕಾರ್ಡೊಂದನ್ನು ನಕಲು ಮಾಡಿ ಅದನ್ನು ಪ್ರಯೋಗಿಸಲು ಬಿಡುತ್ತದೆ; ಅದು ಪ್ರಯೋಗವೆಂದೇ ಎಣಿಕೆಯಾಗುತ್ತದೆ.

ಉದಾಹರಣೆ

೬ ಜೀವಾಂಕ ಉಳಿದಿರುವ ಎದುರಾಳಿಯ ಮೇಲೆ ಆಟಗಾರನು ೩ ಹಾನಿ ಮಾಡುವ 'ಲೈಟ್ನಿಂಗ್ ಬೋಲ್ಟ್' ಪ್ರಯೋಗಿಸಿ, ಅದರ ಮೇಲೆ 'ಟ್ವಿನ್‌ಕಾಸ್ಟ್' ಬಳಸುತ್ತಾನೆ ಎನ್ನೋಣ. ಎರಡೂ ಫಲಿಸಿದರೆ ಎದುರಾಳಿ ಸೋಲುತ್ತಾನೆ. ಪ್ರತಿ ಹುಟ್ಟಿದ ಮೇಲೆ ಎದುರಾಳಿಯು 'ಕೌಂಟರ್‌ಸ್ಪೆಲ್'ನಿಂದ ಮೂಲವನ್ನು ರದ್ದುಗೊಳಿಸಿದರೂ ಪ್ರತಿಯ ಹಾನಿ ತಪ್ಪದು. ಅವನಿಗೆ ೩ ಉಳಿಯುತ್ತದೆ. ಟ್ವಿನ್‌ಕಾಸ್ಟ್ ಫಲಿಸುವ ಮೊದಲೇ ಮೂಲವನ್ನು ರದ್ದುಗೊಳಿಸಿದರೆ, ಟ್ವಿನ್‌ಕಾಸ್ಟ್‌ಗೆ ಗುರಿಯೇ ಇಲ್ಲದೆ ಪ್ರತಿ ಹುಟ್ಟುವುದಿಲ್ಲ. ೬ ಅಂಕಗಳೂ ಉಳಿಯುತ್ತವೆ. ಒಂದೇ ಕಾರ್ಡನ್ನು ಯಾವ ಕ್ಷಣದಲ್ಲಿ ಬಳಸಲಾಯಿತು ಎಂಬುದೇ ಇಲ್ಲಿ ಫಲಿತಾಂಶವನ್ನು ನಿರ್ಧರಿಸುತ್ತದೆ.

ಪ್ರತಿಯ ಅಂತ್ಯ

ಪ್ರತಿಯನ್ನು ಪ್ರತಿನಿಧಿಸುವ ಕಾರ್ಡು ಇರುವುದಿಲ್ಲ. ಇನ್‌ಸ್ಟಂಟ್ ಅಥವಾ ಸಾರ್ಸರಿ ಮಂತ್ರದ ಪ್ರತಿಯು ಫಲಿಸಿದ ಅಥವಾ ರದ್ದಾದ ಬಳಿಕ ಇಲ್ಲವಾಗುತ್ತದೆ. ಜೀವಿಯಂತಹ ಶಾಶ್ವತ ಮಂತ್ರದ ಪ್ರತಿಯು ಫಲಿಸಿದಾಗ ಟೋಕನ್ ಆಗಿ ರಣರಂಗದಲ್ಲಿ ಉಳಿಯುತ್ತದೆ.