ಡೇಟಾಬೇಸ್ ಸಂಪರ್ಕಗಳ ಪುನರುಪಯೋಗ: ಒಂದು ಐತಿಹಾಸಿಕ ವಿವೇಚನೆ

ಸುಮಾರು 2000ದಲ್ಲಿ ಜಾರಿಗೆ ಬಂದ ‘ಭೂಮಿ’ ಯೋಜನೆಯಿಂದ ರಾಯಚೂರು, ದೇವದುರ್ಗ, ಮಾನ್ವಿ ತಾಲ್ಲೂಕುಗಳ ಪಹಣಿಗಳು ಡೇಟಾಬೇಸನ್ನು ಸೇರಿದವು. ಅಂಥ ದಾಖಲೆಗಳನ್ನು ಬಹುಜನರಿಗೆ ಏಕಕಾಲದಲ್ಲಿ ಒದಗಿಸುವ ಸರಳ ಜಾವಾ ವೆಬ್ ಅಪ್ಲಿಕೇಶನ್ನೊಂದನ್ನು ನಾವು ಊಹಿಸೋಣ. 1997ರಲ್ಲಿ ಜಾವಾ 1.1ರೊಡನೆ ಬಂದ ಜೆಡಿಬಿಸಿಯಲ್ಲಿ ಸಂಪರ್ಕಗಳ ಸಾಮಾನ್ಯ ಸಂಗ್ರಹಕ್ಕೆ ವ್ಯವಸ್ಥೆಯಿರಲಿಲ್ಲ. ಕೋರಿಕೆಗೊಂದು ಹೊಸ ಸಂಪರ್ಕವನ್ನು ತೆರೆದಲ್ಲಿ, ಗುರುತಿನ ಪರೀಕ್ಷೆಗೆ ಸಲ್ಲುವ ಕಾಲವು ಉತ್ತರಕ್ಕೆ ಬೇಕಾದ ಕಾಲವನ್ನೂ ಮೀರಬಹುದು. ಜೆಡಿಬಿಸಿಯ ಎರಡನೆಯ ಆವೃತ್ತಿಯು ‘ಡೇಟಾಸೋರ್ಸ್’ ಮುಖಾಂತರ ಈ ಕೊರತೆಯನ್ನು ನೀಗಿತು. ಸಂಗ್ರಹದಿಂದ ಪಡೆದ ಸಂಪರ್ಕಕ್ಕೆ ‘ಕ್ಲೋಸ್’ ಎಂದರೆ ಮರಳಿ ಒಪ್ಪಿಸುವುದೆಂದೇ ಅರ್ಥ. ಇಂದು ಪ್ರಚಲಿತವಾಗಿರುವ ಹಿಕಾರಿಸಿಪಿಯಲ್ಲಿ, ಬೇರೆ ಸೂಚನೆಯಿಲ್ಲದಿದ್ದರೆ, ಸಂಪರ್ಕಗಳು ಗರಿಷ್ಠ 10. ಪಡೆದವರು ಒಪ್ಪಿಸದಿದ್ದರೆ ಹನ್ನೊಂದನೆಯ ರೈತನು 30 ಸೆಕೆಂಡು ಕಾದು ಬರಿಗೈಯಲ್ಲಿ ಹಿಂದಿರುಗುವನು. 2011ರ ಜಾವಾ 7, ‘ಟ್ರೈ-ವಿತ್-ರಿಸೋರ್ಸಸ್’ ರಚನೆಯಿಂದ ಈ ಒಪ್ಪಿಸುವಿಕೆಯನ್ನು ಸುಗಮಗೊಳಿಸಿತು. ಆದುದರಿಂದ ಇದು ವೇಗದ ಇತಿಹಾಸವಾಗಿರುವಷ್ಟೇ ಹಂಚಿಕೊಳ್ಳುವ ಶಿಸ್ತಿನ ಇತಿಹಾಸವೂ ಆಗಿದೆಯೆಂದು ನಮ್ಮ ಅಭಿಮತ.