ಕಬ್ಬಿಣವಿಲ್ಲದ ಕೋಣೆ

ಅಳತೆಯ ಕೋಣೆಗೆ ಹೋಗುವ ಮುನ್ನ ನಾನು ತಲೆಯ ಪಿನ್ನು, ಸೀರೆಯ ಪಿನ್ನು ಎಲ್ಲವನ್ನೂ ತೆಗೆದು ಹೊರಗಿನ ಡಬ್ಬಿಗೆ ಹಾಕುತ್ತೇನೆ. ಚಿನ್ನದ ಬಳೆಯಿಂದ ತೊಂದರೆಯಿಲ್ಲ, ಉಕ್ಕಿನ ಪಿನ್ನಿನಿಂದಲೇ ಎಲ್ಲ ತಕರಾರು. ಹೊಸದಾಗಿ ಸೇರಿದ ಹುಡುಗರಿಗೆ ಇದು ಅಜ್ಜಿಯ ಮಡಿಯಂತೆ ಕಾಣುತ್ತದೆ, ಮುಸಿಮುಸಿ ನಗುತ್ತಾರೆ. ನಗಲಿ. ಈ ಮಡಿಗೆ ಇನ್ನೂರು ವರ್ಷದ ಹತ್ತಿರ ಹತ್ತಿರ ವಯಸ್ಸಾಗಿದೆ.

ನಾವು ಅಳೆಯುವುದು ಹೊಟ್ಟೆಯೊಳಗಿನ ಕ್ಯಾಮೆರಾ ಕ್ಯಾಪ್ಸೂಲನ್ನು ಹೊರಗಿನಿಂದ ತಿರುಗಿಸುವ ಮ್ಯಾಗ್ನೆಟ್ಟುಗಳನ್ನು. ರೋಗಿ ನುಂಗಿದ ಕ್ಯಾಪ್ಸೂಲಿನೊಳಗೆ ಪುಟ್ಟದೊಂದು ಮ್ಯಾಗ್ನೆಟ್ ಇರುತ್ತದೆ. ಮಂಚದ ಮೇಲ್ಗಡೆ, ಯಂತ್ರದ ತೋಳಿನಲ್ಲಿ ದೊಡ್ಡದೊಂದು. ದೊಡ್ಡದರ ಕಾಂತಕ್ಷೇತ್ರ ಎಲ್ಲೆಲ್ಲಿ ಎಷ್ಟಿದೆ, ಯಾವ ಕಡೆಗಿದೆ ಎಂಬ ನಕ್ಷೆ ಮೊದಲೇ ಕೈಯಲ್ಲಿರಬೇಕು. ಏಕೆಂದರೆ ದೂರ ಇಲ್ಲಿ ಬಹಳ ನಿಷ್ಠುರಿ. ಎರಡು ಮ್ಯಾಗ್ನೆಟ್ಟುಗಳ ನಡುವಿನ ಅಂತರ ಎರಡು ಪಟ್ಟಾದರೆ ತಿರುಗಿಸುವ ಬಲ ಎಂಟನೇ ಒಂದಕ್ಕೆ ಇಳಿಯುತ್ತದೆ, ಎಳೆಯುವ ಬಲ ಹದಿನಾರನೇ ಒಂದಕ್ಕೆ. ಸಣಕಲು ಮೈಯವರಿಗೆ ಹೊಂದಿದ ಲೆಕ್ಕ ಡೊಳ್ಳುಹೊಟ್ಟೆಯವರಿಗೆ ಹೊಂದದು.

ಮೈಯೊಳಗಿನ ಕಬ್ಬಿಣಕ್ಕೆ ಹೊರಗಿನಿಂದ ಮ್ಯಾಗ್ನೆಟ್ ಹಿಡಿಯುವುದು ಹಳೆಯ ವಿದ್ಯೆ. ಸುಶ್ರುತ ಸಂಹಿತೆಯಲ್ಲಿ ಅಯಸ್ಕಾಂತದಿಂದ ಶಲ್ಯ ತೆಗೆಯುವ ಮಾತಿದೆ. ನನಗೆ ಅದರಲ್ಲಿ ಹಿಡಿಸುವುದು ಅಲ್ಲಿ ಹಾಕಿರುವ ಷರತ್ತುಗಳು: ಬಾಣದ ಮೊನೆ ಒಳಗೆ ಸಿಕ್ಕಿಕೊಂಡಿರಬಾರದು, ಅದಕ್ಕೆ ಕೊಕ್ಕೆಯಿರಬಾರದು, ಗಾಯದ ಬಾಯಿ ಕಿರಿದಾಗಿರಬಾರದು. ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟ ವೈದ್ಯನ ಮೇಲೆ ನನಗೆ ನಂಬಿಕೆ. ಆದರೆ ಆ ಕಲ್ಲಿನ ಬಲ ಎಷ್ಟು ಎಂದು ಅಂಕಿಯಲ್ಲಿ ಹೇಳುವ ದಾರಿ ಆಗ ಇರಲಿಲ್ಲ, ಆಮೇಲೂ ಬಹುಕಾಲ ಇರಲಿಲ್ಲ.

1799ರಿಂದ 1804ರವರೆಗೆ ಅಮೆರಿಕ ಖಂಡಗಳನ್ನು ಸುತ್ತಿದ ಅಲೆಕ್ಸಾಂಡರ್ ಫಾನ್ ಹುಂಬೋಲ್ಟ್ ಒಂದು ಕಾಂತಸೂಜಿಯನ್ನು ಜೊತೆಗೇ ಒಯ್ದಿದ್ದ. ಅದನ್ನು ತೂಗಾಡಲು ಬಿಟ್ಟು, ಹತ್ತು ನಿಮಿಷದಲ್ಲಿ ಎಷ್ಟು ಸಲ ತೂಗಿತು ಎಂದು ಎಣಿಸುವುದು ಅವನ ಕ್ರಮ. ಬೇಗ ಬೇಗ ತೂಗಿದರೆ ಅಲ್ಲಿ ಭೂಮಿಯ ಕಾಂತಬಲ ಹೆಚ್ಚು ಎಂದರ್ಥ. ಪೆರುವಿನ ಒಂದು ಜಾಗದ ಬಲವನ್ನು ಒಂದು ಎಂದಿಟ್ಟುಕೊಂಡು ಉಳಿದ ಊರುಗಳನ್ನು ಅದಕ್ಕೆ ಹೋಲಿಸಿದ. ಇದರಲ್ಲಿ ಒಂದು ತೊಡಕಿತ್ತು. ಸೂಜಿಯೂ ವರ್ಷಗಳು ಕಳೆದಂತೆ ಸೊರಗುತ್ತದೆ. ಇಪ್ಪತ್ತು ವರ್ಷದ ಮೇಲೆ ಅದೇ ಊರಿನಲ್ಲಿ ಅದೇ ಸೂಜಿ ನಿಧಾನಕ್ಕೆ ತೂಗಿದರೆ ಬಲ ಕಳೆದುಕೊಂಡದ್ದು ಭೂಮಿಯೋ ಸೂಜಿಯೋ? ಹೇಳುವವರು ಯಾರು?

ಹೇಳಿದವನು ಗಟಿಂಗೆನ್‌ನ ಕಾರ್ಲ್ ಫ್ರೀಡ್ರಿಷ್ ಗೌಸ್, 1832ರಲ್ಲಿ. ಗಣಿತದ ಗೌಸ್ ಎಂದೇ ನಮಗೆಲ್ಲ ಪರಿಚಯ. ನನ್ನ ಕಸುಬಿನವರಿಗೆ ಆತ ಮೂಲಪುರುಷ. ಹಿಂದಿನ ವರ್ಷವಷ್ಟೇ ಆ ಊರಿಗೆ ಬಂದಿದ್ದ ತರುಣ ಭೌತವಿಜ್ಞಾನಿ ವಿಲ್ಹೆಲ್ಮ್ ವೇಬರ್ ಜೊತೆಗಿದ್ದ. ಉಪಾಯ ಸರಳ, ಹೊಳೆಯುವುದು ಕಷ್ಟ. ಒಂದು ಮ್ಯಾಗ್ನೆಟ್ಟನ್ನು ತೂಗಾಡಲು ಬಿಟ್ಟರೆ ಸಿಗುವುದು ಅದರ ಬಲ ಮತ್ತು ಭೂಮಿಯ ಬಲ ಇವೆರಡರ ಗುಣಲಬ್ಧ. ಅದೇ ಮ್ಯಾಗ್ನೆಟ್ಟನ್ನು ಇನ್ನೊಂದು ಸೂಜಿಯ ಪಕ್ಕದಲ್ಲಿಟ್ಟು, ಆ ಸೂಜಿ ಉತ್ತರದಿಂದ ಎಷ್ಟು ವಾಲಿತು ಎಂದು ನೋಡಿದರೆ ಸಿಗುವುದು ಅವೆರಡರ ಭಾಗಲಬ್ಧ. ಈ ಎರಡು ಉತ್ತರಗಳನ್ನು ಗುಣಿಸಿದರೆ ಭೂಮಿ ಲೆಕ್ಕದಿಂದ ಹೊರಬೀಳುತ್ತದೆ, ಭಾಗಿಸಿದರೆ ಮ್ಯಾಗ್ನೆಟ್. ಮಿಲಿಮೀಟರ್, ಮಿಲಿಗ್ರಾಂ, ಸೆಕೆಂಡು, ಇಷ್ಟರಲ್ಲೇ ಅಳತೆ ಮುಗಿಯಿತು. ಪೆರುವಿನ ಹಂಗು ಬೇಕಾಗಲಿಲ್ಲ. ನನಗೆ ಇದು ಗೌಸ್‌ನ ದೊಡ್ಡ ದೊಡ್ಡ ಪ್ರಮೇಯಗಳಿಗಿಂತ ಹೆಚ್ಚು.

ಮರುವರ್ಷ ಅವರು ಕಾಂತಾಳತೆಗೆಂದೇ ಒಂದು ಮನೆ ಕಟ್ಟಿಸಿದರು. ಬೀಗ, ಬಾಗಿಲಿನ ಕೀಲು, ಕಿಟಕಿಯ ಪಟ್ಟಿ, ಮೊಳೆ ಎಲ್ಲವೂ ತಾಮ್ರದವು. ನಮ್ಮ ಮಡಿ ಶುರುವಾದದ್ದು ಅಲ್ಲಿ.

ಆ ಮಡಿ ನಮ್ಮ ದೇಶಕ್ಕೂ ಬಂತು. ಬೊಂಬಾಯಿಯ ಕೊಲಾಬಾದಲ್ಲಿ 1841ರಿಂದ ಭೂಕಾಂತದ ಅಳತೆ ನಡೆದಿತ್ತು. ಶತಮಾನ ತಿರುಗುವ ಹೊತ್ತಿಗೆ ಊರಿಗೆ ವಿದ್ಯುತ್ ಟ್ರಾಂ ಬರುವ ಸುದ್ದಿ. ಹಳಿಯಿಂದ ನೆಲಕ್ಕೆ ಸೋರುವ ಕರೆಂಟು ಸೂಜಿಗಳನ್ನು ನೆಟ್ಟಗೆ ನಿಲ್ಲಗೊಡುವುದಿಲ್ಲ. ವೀಕ್ಷಣಾಲಯದ ಮೊದಲ ಭಾರತೀಯ ನಿರ್ದೇಶಕ ನಾನಾಭಾಯ್ ಫ್ರಾಮ್‌ಜಿ ಮೂಸ್ ಟ್ರಾಮಿನೊಂದಿಗೆ ಜಗಳಕ್ಕೆ ನಿಲ್ಲದೆ ಅಳತೆಯನ್ನೇ ಕಡಲಾಚೆಯ ಅಲಿಬಾಗಿಗೆ ಸಾಗಿಸಿದರು. ಆ ಸೀಮೆಯ ಕರಿಗಲ್ಲಿನಲ್ಲಿ ಕಬ್ಬಿಣದ ಅಂಶವಿದೆ, ಕಾಂತಗುಣವಿದೆ. ಹಾಗಾಗಿ ಪೋರಬಂದರಿನ ಮರಳುಗಲ್ಲು ತರಿಸಿ ಕಟ್ಟಿದರು. 1904ರಿಂದ 1906ರವರೆಗೆ ಎರಡೂ ಕಡೆ ಒಟ್ಟಿಗೆ ಅಳೆದು, ಹಳೆಯ ಜಾಗಕ್ಕೂ ಹೊಸ ಜಾಗಕ್ಕೂ ಇರುವ ವ್ಯತ್ಯಾಸ ತಿಳಿದ ಮೇಲೆಯೇ ಕೊಲಾಬಾದ ಕೆಲಸ ನಿಲ್ಲಿಸಿದ್ದು. ಉಪಕರಣ ಬದಲಾದಾಗ ಹಳೆಯದನ್ನೂ ಹೊಸದನ್ನೂ ಕೆಲಕಾಲ ಜೊತೆಯಾಗಿ ಓಡಿಸಲು ಹುಡುಗರು ಬೇಸರಪಟ್ಟರೆ ನಾನು ಮೂಸರ ಕಥೆ ತೆಗೆಯುತ್ತೇನೆ.

ತೂಗುವ ಸೂಜಿಯ ಕಾಲ ಈಗ ಮುಗಿದಿದೆ. 1879ರಲ್ಲಿ ಬಾಲ್ಟಿಮೋರ್‌ನ ವಿದ್ಯಾರ್ಥಿ ಎಡ್ವಿನ್ ಹಾಲ್, ಗಾಜಿಗೆ ಅಂಟಿಸಿದ ಚಿನ್ನದ ರೇಕಿನಲ್ಲಿ ಕರೆಂಟು ಹರಿಸಿ ಮ್ಯಾಗ್ನೆಟ್ ಹಿಡಿದಾಗ ರೇಕಿನ ಅಡ್ಡಕ್ಕೆ ಸಣ್ಣ ವೋಲ್ಟೇಜ್ ಹುಟ್ಟುವುದನ್ನು ಕಂಡ. ನಮ್ಮ ಹಾಲ್ ಪ್ರೋಬು ಅದರ ವಂಶದ್ದೇ, ಚಿನ್ನದ ಬದಲು ಅರೆವಾಹಕ. ಅದನ್ನು ಸಾಲು ಸಾಲಾಗಿ ಸರಿಸುತ್ತ ಬಿಂದು ಬಿಂದುವಿನಲ್ಲೂ ಮೂರು ದಿಕ್ಕಿನ ಬಲ ಬರೆದುಕೊಳ್ಳುತ್ತೇವೆ. ಆಮೇಲೆ ಮತ್ತೆ ಗೌಸ್‌ನ ಮನೆಗೇ ಹೋಗಬೇಕು. 1839ರಲ್ಲಿ ಆತ ಇಡೀ ಭೂಮಿಯ ಕಾಂತಕ್ಷೇತ್ರವನ್ನು 24 ಅಂಕಿಗಳಲ್ಲಿ ಹಿಡಿದು, ಅದರ ಮೂಲ ಬಹುಪಾಲು ಭೂಮಿಯ ಒಳಗೇ ಇದೆ ಎಂದು ತೋರಿಸಿದ್ದ. ಮ್ಯಾಗ್ನೆಟ್ಟಿನದು ಯಾವುದು, ಸುತ್ತಲಿನ ಕಬ್ಬಿಣದ್ದು ಯಾವುದು ಎಂದು ಬೇರ್ಪಡಿಸಲು ಆ ಗಣಿತವೇ ನಮಗೂ ಆಧಾರ.

ಕ್ಯಾಪ್ಸೂಲಿನ ಕಥೆ ಇದಕ್ಕೆ ಹೋಲಿಸಿದರೆ ನಿನ್ನೆ ಮೊನ್ನೆಯದು. ಇಸ್ರೇಲಿನಲ್ಲಿ ಕ್ಷಿಪಣಿಗಳ ಕಣ್ಣು ರೂಪಿಸುತ್ತಿದ್ದ ಗೇವ್ರಿಯೆಲ್ ಇದ್ದಾನ್‌ಗೆ ನುಂಗುವ ಕ್ಯಾಮೆರಾದ ಯೋಚನೆ ಬಂತು. ಲಂಡನ್ನಿನ ವೈದ್ಯ ಪಾಲ್ ಸ್ವೇನ್ ಬೇರೆಯಾಗಿ ಅದೇ ದಾರಿಯಲ್ಲಿದ್ದ. 2001ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟ ಆ ಕ್ಯಾಪ್ಸೂಲ್ 26 ಮಿಲಿಮೀಟರ್ ಉದ್ದ, 11 ಮಿಲಿಮೀಟರ್ ದಪ್ಪ. ಸಣ್ಣ ಕರುಳಿನಲ್ಲಿ ಕರುಳೇ ಅದನ್ನು ತಳ್ಳಿಕೊಂಡು ಹೋಗುತ್ತದೆ. ಜಠರ ಹಾಗಲ್ಲ, ಅಗಲವಾದ ಚೀಲ. ಅಲ್ಲಿ ಕ್ಯಾಮೆರಾ ಬಿದ್ದ ಕಡೆ ಬಿದ್ದುಕೊಂಡು ಒಂದೇ ಗೋಡೆ ನೋಡುತ್ತದೆ. ಸ್ವೇನ್ ಮತ್ತು ಸಂಗಡಿಗರು ಎರಡು ಕ್ಯಾಮೆರಾದ ಕ್ಯಾಪ್ಸೂಲಿನಲ್ಲಿ ಒಂದನ್ನು ಕಿತ್ತು ಮ್ಯಾಗ್ನೆಟ್ ಕೂರಿಸಿ, ಕೈಯಲ್ಲಿ ಹಿಡಿದ ಮ್ಯಾಗ್ನೆಟ್ಟಿನಿಂದ ಅದನ್ನು ಆಡಿಸಿದ್ದನ್ನು 2010ರಲ್ಲಿ ಪ್ರಕಟಿಸಿದರು. ಚೀನಾದವರು ಕೈಯ ಬದಲು ಯಂತ್ರದ ತೋಳು ತಂದರು. 350 ರೋಗಿಗಳ ಮೇಲೆ ನಡೆಸಿ 2016ರಲ್ಲಿ ಪ್ರಕಟಿಸಿದ ಅವರ ಪರೀಕ್ಷೆಯಲ್ಲಿ, ಮಾಮೂಲಿ ಎಂಡೋಸ್ಕೋಪಿಯಲ್ಲಿ ಕಂಡ ಗಾಯಗಳಲ್ಲಿ ನೂರಕ್ಕೆ 90ರಷ್ಟು ಕ್ಯಾಪ್ಸೂಲಿಗೂ ಕಂಡವು.

ಇದೆಲ್ಲ ಸಾಧ್ಯವಾದದ್ದು ಮಾಂಸ, ಕೊಬ್ಬು, ನೀರು ಕಾಂತಕ್ಷೇತ್ರವನ್ನು ತಡೆಯುವುದೂ ಇಲ್ಲ, ತಿರುಚುವುದೂ ಇಲ್ಲ ಎಂಬುದರಿಂದ. ರಕ್ತದಲ್ಲಿ ಕಬ್ಬಿಣವಿದೆಯಲ್ಲ ಎಂದು ಕೇಳುತ್ತಾರೆ. ಇದೆ, ಮೈಯೆಲ್ಲ ಸೇರಿ ಮೂರು ನಾಲ್ಕು ಗ್ರಾಂ; ಆದರೆ ಹಿಮೋಗ್ಲೋಬಿನ್ನಿನೊಳಗೆ ಒಂಟೊಂಟಿ ಪರಮಾಣುವಾಗಿ ಕೂತ ಕಬ್ಬಿಣ ಮೊಳೆಯಂತೆ ವರ್ತಿಸುವುದಿಲ್ಲ. ನಮ್ಮ ಲೆಕ್ಕದ ಮಟ್ಟಿಗೆ ಹೊಟ್ಟೆ ಗಟಿಂಗೆನ್‌ನ ಮನೆಯಷ್ಟೇ ಶುದ್ಧ.

ಹೊಟ್ಟೆಯ ಹೊರಗೆ ಆ ಶುದ್ಧತೆಯಿಲ್ಲ. ಮಂಚದ ಚೌಕಟ್ಟು, ಕಾಂಕ್ರೀಟಿನೊಳಗಿನ ಸರಳು, ಪಕ್ಕದ ಲಿಫ್ಟು, ಎಲ್ಲ ಉಕ್ಕು. ಆಸ್ಪತ್ರೆಯನ್ನು ಅಲಿಬಾಗಿಗೆ ಸಾಗಿಸಲಾಗದು. ನಿಯೋಡಿಮಿಯಂ ಮ್ಯಾಗ್ನೆಟ್ ಒಂದು ಡಿಗ್ರಿ ಬಿಸಿಯಾದರೆ ಸಾವಿರಕ್ಕೆ ಒಂದು ಪಾಲಿನಷ್ಟು ಬಲ ಕಳೆದುಕೊಳ್ಳುತ್ತದೆ, ಎ.ಸಿ. ಕೋಣೆಯ ಅಳತೆ 37 ಡಿಗ್ರಿಯ ಹೊಟ್ಟೆಯೊಳಗಿನ ಕ್ಯಾಪ್ಸೂಲಿಗೆ ಹಾಗೆಯೇ ಹೊಂದದು. ಇದನ್ನೆಲ್ಲ ಲೆಕ್ಕಕ್ಕೆ ಹಿಡಿದು, ಯಂತ್ರ ಕೂರಿಸಿದ ಜಾಗದಲ್ಲೇ ಇನ್ನೊಮ್ಮೆ ಅಳೆದು ನಕ್ಷೆ ತಿದ್ದುತ್ತೇವೆ. ಆಮೇಲೆ ಮಂಚ ಬದಲಾಯಿಸಿದರೆ ಮತ್ತೆ ಅಳೆಯಬೇಕು. ಖರೀದಿ ವಿಭಾಗದವರಿಗೆ ಇಷ್ಟನ್ನು ಒಪ್ಪಿಸುವುದು ಗೌಸ್‌ನ ಗಣಿತಕ್ಕಿಂತ ಕಷ್ಟ. ಅವರ ಕಡತದಲ್ಲಿ ಮಂಚ ಪೀಠೋಪಕರಣ, ಮ್ಯಾಗ್ನೆಟ್ ವೈದ್ಯಕೀಯ ಯಂತ್ರ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ.